ಕನಿಕರದಿಂದ ಇಟ್ಟುಕೊಂಡದ್ದು

ಕನಿಕರ ಎಂಬ ಶಬ್ದವನ್ನು ನಾನು ಬಾಯಿಬಿಟ್ಟು ಹೇಳಿದ್ದು ಕಡಿಮೆ. ನೀವು ಮಕ್ಕಳು ಯಾರೂ ಅದನ್ನು ಗಮನಿಸಿರಲಿಕ್ಕಿಲ್ಲ. ಚರಂಡಿಗೆ ಬಿದ್ದ ಬೆಕ್ಕಿನ ಮರಿಯನ್ನು ಎತ್ತಿ ತಂದು ಹಾಲಿಟ್ಟಿದ್ದೇನೆ, ಪಕ್ಕದ ಮನೆಯವರಿಗೆ ಜ್ವರ ಬಂದಾಗ ಗಂಜಿ ಕೊಂಡುಹೋಗಿದ್ದೇನೆ, ಆದರೆ ಕನಿಕರ ಬಂತು ಎಂದು ಮಾತ್ರ ಹೇಳಿದವಳಲ್ಲ. ಸುಳ್ಯದ ಕಾಲೇಜಿನಿಂದ ರಜೆಗೆ ಬಂದಿದ್ದ ಅನಘ ಮೊನ್ನೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಭಾಷಣಕ್ಕೋ ಪ್ರಬಂಧಕ್ಕೋ ಬೇಕೆಂದು ಮೊಬೈಲು ನೋಡುತ್ತ ನನ್ನನ್ನು ಕೇಳಿದಳು.

"ಅಜ್ಜಿ, ಕನಿಕರ ಅಂದ್ರೆ ನಿಮ್ಮ ಕಾಲದಲ್ಲಿ ಎಂತ ಅರ್ಥ?"

"ನಿನ್ನ ಮೊಬೈಲು ಎಂತ ಹೇಳ್ತದೆ?"

"ದಯೆ, ಮರುಕ ಅಂತ ಉಂಟು. ಇದು ತುಂಬ ಹಳೇ ಶಬ್ದವಂತೆ ಅಜ್ಜಿ. ಕನಿ ಅಂದ್ರೆ ಹಣ್ಣಾಗುದು, ಮೆತ್ತಗಾಗುದು. ಮನಸ್ಸು ಹಣ್ಣಾಗುದಕ್ಕೆ ಕನಿಕರ ಅಂತ ಹೇಳಿರ್ಬಹುದಂತೆ. ತಮಿಳಲ್ಲಿ, ಮಲಯಾಳದಲ್ಲಿ ಎಲ್ಲ ಇದರ ನೆಂಟರು ಉಂಟಂತೆ. ಆದ್ರೆ ಖಂಡಿತ ಹೀಗೇ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ್ಲೂ ಬರ್ದಿದ್ದಾರೆ."

ಖಂಡಿತ ಹೇಳಲಿಕ್ಕೆ ಆಗುವುದಿಲ್ಲ ಎಂಬ ಮಾತೊಂದು ನನಗೆ ಸರಿ ಕಂಡಿತು. "ಹಣ್ಣಾಗುದು ಅಷ್ಟು ಸುಲಭ ಅಲ್ಲ ಮಾರಾಯ್ತಿ," ಎಂದು ಹೇಳಿ ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸು ಹೆಕ್ಕಲು ಎದ್ದೆ. ಅಜ್ಜಿಗೆ ಸಿಟ್ಟು ಬಂತೆಂದು ಅವಳು ಎಣಿಸಿರಬೇಕು. ಸಿಟ್ಟಲ್ಲ. ನಾನು ಬೆಳೆದದ್ದು ಹಣ್ಣು ಮಾಡುವ ಮನೆಯಲ್ಲಿ. ಆ ಶಬ್ದ ನನ್ನ ಕಿವಿಗೆ ಬಿದ್ದದ್ದೂ ಅಲ್ಲಿಯೇ. ಆ ಮನೆಯ ಸಂಗತಿಯನ್ನು ನಿಮಗೆ ಎದುರು ಕುಳಿತು ಹೇಳಲು ನನಗೆ ಯಾವತ್ತೂ ನಾಚಿಕೆ. ಬರೆಯುವಾಗ ನನ್ನ ಮುಖವನ್ನು ಯಾರೂ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಪ್ಪ ತೀರಿಕೊಂಡು ಹದಿನಾರನೆಯ ದಿನ ಸೋದರಮಾವ ಬಂದು ನನ್ನನ್ನೂ ಅಮ್ಮನನ್ನೂ ಕುಂಬ್ರದ ಹತ್ತಿರದ ಅವರ ಮನೆಗೆ ಕರೆದುಕೊಂಡು ಹೋದರು. ಆಗ ನಾನು ಎರಡನೆಯ ಕ್ಲಾಸು. ಪೇಟೆಯಿಂದ ಒಳಗೆ ಹೋಗುವ ಕೆಂಪು ಮಣ್ಣಿನ ರಸ್ತೆಯ ಬದಿಯಲ್ಲಿ ಸಣ್ಣ ಹಂಚಿನ ಮನೆ. ಮುಂದೆ ಜಗಲಿ, ನಡುವೆ ಒಂದು ಕೋಣೆ, ಅದರ ಆಚೆ ಅಡಿಗೆಮನೆ. ಅಡಿಗೆಮನೆಗೆ ತಾಗಿದ ಉಗ್ರಾಣದಲ್ಲಿ ಅಕ್ಕಿಯ ಡಬ್ಬಿಗಳ ನಡುವೆ ನನ್ನ ಮತ್ತು ಅಮ್ಮನ ಚಾಪೆ. ಮನೆಯ ಹಿಂದೆ ಮುರಕಲ್ಲಿನ ಗುಡ್ಡೆಯ ಬುಡದಲ್ಲಿ ಕೊಟ್ಟಿಗೆಯಂಥ ಒಂದು ಮಾಡು, ಆ ಮಾಡಿನೊಳಗೆ ಎರಡು ಗುಂಡಿ. ಮಾವ ಊರಿನವರಿಂದ ಬಲಿತ ಬಾಳೆಗೊನೆ ತಂದು ಗುಂಡಿಯಲ್ಲಿ ಹಣ್ಣು ಮಾಡಿ ಅಂಗಡಿಗಳಿಗೂ ಮದುವೆಮನೆಗಳಿಗೂ ಕೊಡುತ್ತಿದ್ದರು. ಹಾಗಾಗಿ ಊರವರ ಬಾಯಲ್ಲಿ ಅದು ಹಣ್ಣಿನ ಮನೆ. ಗುಂಡಿಯ ತಳಕ್ಕೆ ಒಣ ಬಾಳೆಎಲೆ ಹಾಸಿ, ಗೊನೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲಿನಿಂದ ಎಲೆ, ಗೋಣಿ, ಹಲಗೆ ಮುಚ್ಚಿ, ಅದರ ಮೇಲೆ ಕೆಸರು ಮೆತ್ತುವುದು. ಒಂದು ಮೂಲೆಯಲ್ಲಿ ಮುಷ್ಟಿ ಹೋಗುವಷ್ಟು ತೂತು. ಅಲ್ಲಿ ತೆಂಗಿನ ಸಿಪ್ಪೆಯನ್ನು ಬಿಗಿಯಾಗಿ ತುರುಕಿ ಕೆಂಡ ಹಾಕಿದ ಮಡಕೆಯನ್ನು ಬಾಯಿ ಕೆಳಗಾಗಿ ಇಟ್ಟು, ಮಡಕೆಯ ತಳದ ಸಣ್ಣ ತೂತಿಗೆ ಬಿದಿರಿನ ಓಟೆ ಸಿಕ್ಕಿಸಿ ಊದಿದರೆ ಹೊಗೆ ಗುಂಡಿಯೊಳಗೆ ಇಳಿಯುತ್ತದೆ. ಬೇಕಾದಷ್ಟು ಹೊಗೆ ತುಂಬಿದ ಮೇಲೆ ತೂತನ್ನೂ ಮೆತ್ತಿ ಮುಚ್ಚಿದರೆ ಮೂರನೆಯದೋ ನಾಲ್ಕನೆಯದೋ ದಿನ ಬೆಳಗ್ಗೆಯೇ ತೆಗೆಯಬೇಕು. ಅಷ್ಟರ ಒಳಗೆ ಯಾರೂ ತೆರೆಯಬಾರದು. ಆ ಮನೆಯಲ್ಲಿ ಎಲ್ಲರಿಗೂ ಕಟ್ಟುನಿಟ್ಟಾಗಿದ್ದ ನಿಯಮ ಇದೊಂದೇ. ನಡುವೆ ಗಾಳಿ ಹೋದರೆ ಕಾಯಿ ಕಲ್ಲಿನ ಹಾಗೆ ನಿಂತುಬಿಡುತ್ತದೆ, ಮತ್ತೆ ಎಷ್ಟು ಹೊಗೆ ಹಾಕಿದರೂ ಸಿಪ್ಪೆ ಕಪ್ಪಾಗುವುದೇ ಹೊರತು ಒಳಗೆ ಮೆತ್ತಗಾಗುವುದಿಲ್ಲ.

ಹೊಗೆ ಊದುವುದು ಗಿರಿಜತ್ತೆಯ ಕೆಲಸ. ಗಿರಿಜತ್ತೆ ಎಂದರೆ ಮಾವನ ಹೆಂಡತಿ, ಕಡಬದ ಕಡೆಯವರು. ಅವರ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ನಾನು ಅದನ್ನು ಸಿಟ್ಟು ಎಂದು ತಿಳಿದಿದ್ದೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಸಂಜೆ ದೀಪ ಹಚ್ಚುವ ಮೊದಲು ಮಾಡಿಗೆ ಹೋಗಿ ಗುಂಡಿಯ ಮೇಲಿನ ಕೆಸರಿಗೆ ಅಂಗೈ ಊರಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕುಳಿತಿರುತ್ತಿದ್ದರು. ಒಳಗಿನ ಬಿಸಿ ಅವರ ಕೈಗೆ ಗೊತ್ತಾಗುತ್ತಿತ್ತು. ಯಾರ ಮಾತಿಗೂ ಕಾಯದ ಮಾವ ಕೂಡ ಜಗಲಿಯಿಂದಲೇ, "ಗಿರಿಜಾ, ಹೇಗುಂಟು?" ಎಂದು ಕೇಳಿ ಅವರ ಉತ್ತರದ ಮೇಲೆಯೇ ನಾಳೆ ತೆಗೆಯುವುದೋ ನಾಡಿದ್ದು ತೆಗೆಯುವುದೋ ನಿಶ್ಚಯ ಮಾಡುತ್ತಿದ್ದರು. ಉಳಿದ ಯಾವ ವಿಷಯದಲ್ಲಿಯೂ ಅತ್ತೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಆ ಮನೆಗೆ ನನಗಿಂತ ಎರಡೇ ವರ್ಷ ಮೊದಲು ಬಂದವರು. ಇದು ನನಗೆ ಹೊಳೆದದ್ದು ನನ್ನದೇ ಮಕ್ಕಳು ಆ ಪ್ರಾಯಕ್ಕೆ ಬಂದ ಮೇಲೆ.

ಮನೆಗೆ ಬಂದವರೆಲ್ಲ ನನ್ನನ್ನು ನೋಡಿ, ಅಮ್ಮನನ್ನು ನೋಡಿ, ಮತ್ತೆ ಮಾವನ ಕಡೆ ತಿರುಗಿ ಒಂದೇ ಮಾತು ಹೇಳುತ್ತಿದ್ದರು. ಕನಿಕರದಿಂದ ಇಟ್ಟುಕೊಂಡದ್ದು, ನಿಮ್ಮದು ದೊಡ್ಡ ಮನಸ್ಸು. ಗೊನೆಯ ದಂಟಿಗೆ ಸುಣ್ಣದಲ್ಲಿ ಗುರುತು ಹಾಕುತ್ತಾರಲ್ಲ, ಇದು ಇಂಥವರ ತೋಟದ್ದು ಎಂದು, ಹಾಗೆ ಆ ಮಾತು ನಮ್ಮ ಮೇಲೆ ಇತ್ತು. ಅದನ್ನು ಕೇಳಿದಾಗಲೆಲ್ಲ ಅಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದಳು, ಬಾವಿಯ ಹತ್ತಿರ ಕೂಡ ಮೆಲ್ಲಗೆ ಮಾತಾಡುತ್ತಿದ್ದಳು. ನಾನು ಹಾಗಲ್ಲ. ನಾನು ನೋಡುತ್ತಿದ್ದೆ. ಸೌಟಿನಲ್ಲಿ ಎಷ್ಟು ಬಂತು, ಮೊಸರು ಯಾರಿಗೆ ಮೇಲಿನದು, ಯಾರಿಗೆ ಅಡಿಯದ್ದು, ಎಲ್ಲ ನೋಡುತ್ತಿದ್ದೆ. ಗುಂಡಿ ತೆಗೆದ ದಿನ ಒಡೆದ, ಕಪ್ಪಾದ ಹಣ್ಣುಗಳನ್ನೇ ಅತ್ತೆ ನನ್ನ ಬಟ್ಟಲಿಗೆ ಹಾಕುತ್ತಿದ್ದರು. ಕೆಲವು ದಿನ ಶಾಲೆಗೆ ಹೊರಟಾಗ ಹಿತ್ತಿಲ ಬಾಗಿಲಲ್ಲಿ ಯಾರಿಗೂ ಕಾಣದ ಹಾಗೆ ನನ್ನ ಮುಷ್ಟಿಯೊಳಗೆ ಒಂದು ತುಂಡು ಬೆಲ್ಲ ತುರುಕುತ್ತಿದ್ದರು. ಕಪ್ಪು ಹಣ್ಣಿಗಿಂತ ಈ ಬೆಲ್ಲದ ಮೇಲೆಯೇ ನನಗೆ ಸಂಶಯ ಹೆಚ್ಚು. ಕೊಡುವುದಾದರೆ ಎಲ್ಲರ ಎದುರು ಕೊಡಬೇಕಲ್ಲ, ಅಡಗಿಸಿ ಕೊಡುವುದು ಯಾಕೆ? ನಾಳೆ ಬೆಲ್ಲ ಕಡಿಮೆಯಾಯಿತೆಂದು ನನ್ನ ಮೇಲೆ ಹಾಕಲಿಕ್ಕೇ ಇರಬೇಕು ಎಂದುಕೊಂಡು ತಿನ್ನದೆ ಚಾಪೆಯ ಅಡಿಯಲ್ಲಿ ಇಟ್ಟೆ. ಸಾಕ್ಷಿಗೆ ಇರಲಿ ಎಂದು. ನಾಲ್ಕನೆಯ ದಿನ ಕೆಂಪಿರುವೆ ಬಂದು ಅಮ್ಮನನ್ನು ಕಚ್ಚಿ, ಬೆಲ್ಲ ಸಿಕ್ಕಿಬಿದ್ದು, ಕದ್ದದ್ದೆಂದು ಅಮ್ಮನ ಕೈಯಿಂದಲೇ ನನಗೆ ಪೆಟ್ಟು ಬಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಅದು ನಾನೇ ಕೊಟ್ಟದ್ದು ಅತ್ತಿಗೆ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ತಿನ್ಲಿಕ್ಕೆ ಕೊಟ್ಟದ್ದು," ಎಂದು ಹೇಳಿ ಹೋದರು. ಅದರ ನಂತರ ಬೆಲ್ಲ ನಿಂತಿತು.

ಗೊನೆ ಹೊರಲು ಜಾನಕಿ ಎಂಬವಳು ಬರುತ್ತಿದ್ದಳು. ಸುಳ್ಯದಿಂದಲೂ ಆಚೆ, ಗಡಿಯ ಹತ್ತಿರದವಳು. ಮನೆಮಾತು ಮಲಯಾಳ. ಅವಳೊಬ್ಬಳು ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿರಲಿಲ್ಲ, ಅದಕ್ಕೆ ಅವಳ ಹತ್ತಿರ ನನಗೆ ಮಾತು ಬರುತ್ತಿತ್ತು.

"ಜಾನಕಕ್ಕ, ಕನಿಕರ ಅಂದ್ರೆ ಎಂತ?"

"ಅದಾ? ನಮ್ಮಲ್ಲಿ ಕನಿವು ಅಂತ ಹೇಳುದು. ಕನಿ ಅಂದ್ರೆ ಹಣ್ಣು. ಮನಸ್ಸು ಹಣ್ಣಿನ ಹಾಗೆ ಆಗ್ಬೇಕು."

"ಹಾಗಾದ್ರೆ ಮನಸ್ಸಿಗೂ ಹೊಗೆ ಹಾಕ್ಬೇಕಾ?"

ಅವಳು ತಲೆಯ ಮೇಲಿನ ಗೊನೆ ಅಲ್ಲಾಡುವಷ್ಟು ನಕ್ಕಳು. "ಹೊಗೆ ಹಾಕದೆ ತಾನಾಗಿ ಹಣ್ಣಾದವ್ರನ್ನು ನಾನು ಈ ಊರಲ್ಲಂತೂ ಕಾಣ್ಲಿಲ್ಲ ಮಗಾ."

ನೋಡಿ, ಅನಘನ ಮೊಬೈಲು ಹೇಳಿದ್ದನ್ನು ನಾನು ಎಂಟನೆಯ ವರ್ಷದಲ್ಲಿಯೇ ಕೇಳಿ ತಿಳಿದಿದ್ದೆ. ತಿಳಿದದ್ದರಿಂದ ಪ್ರಯೋಜನವೇನೂ ಆಗಲಿಲ್ಲ.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ, ಮದುವೆಗಳ ಕಾಲದಲ್ಲಿ, ಪಂಜದಿಂದ ಚಿಕ್ಕಮ್ಮ ಬಂದರು. ಅಮ್ಮನಿಗೆ ದೂರದ ತಂಗಿಯಾಗಬೇಕು. ಅವರ ನಾದಿನಿ ಹೆತ್ತಿದ್ದಳು, ಮಗು ನೋಡಿಕೊಳ್ಳಲು ಹುಡುಗಿ ಬೇಕಿತ್ತು. ನಾನು ಉಗ್ರಾಣದಲ್ಲಿ ಅಕ್ಕಿ ಹೆಕ್ಕುತ್ತಿದ್ದೆ, ಅಡಿಗೆಮನೆಯ ಮಾತು ಸ್ಪಷ್ಟ ಕೇಳುತ್ತಿತ್ತು.

"ಎರಡು ಹೊಟ್ಟೆ ಎಷ್ಟು ದಿನ ಅಂತ ನೋಡುದು ಗಿರಿಜಾ ನೀವು? ಕನಿಕರಕ್ಕೂ ಒಂದು ಮಿತಿ ಉಂಟು. ಕುಸುಮನನ್ನು ನನ್ನೊಟ್ಟಿಗೆ ಕಳ್ಸಿ. ಉಂಡುಕೊಂಡು ತಿಂದುಕೊಂಡು ಇರ್ತಾಳೆ."

"ಶಾಲೆ?" ಇದು ಅಮ್ಮ. ಆ ಒಂದೇ ಶಬ್ದ.

"ಓದಿ ಎಂತ ತಾಸಿಲ್ದಾರ್ ಆಗ್ಲಿಕ್ಕುಂಟಾ ಅಕ್ಕ?"

ಅತ್ತೆ ಏನು ಹೇಳುತ್ತಾರೆ ಎಂದು ಅಕ್ಕಿ ಹೆಕ್ಕುವುದನ್ನು ಬಿಟ್ಟು ಕಾದೆ. ಒಲೆಗೆ ಸೌದೆ ತಳ್ಳುತ್ತ, "ನೋಡುವ," ಎಂದರು. ಅಷ್ಟೇ. ಚಿಕ್ಕಮ್ಮ ಮುಂದಿನ ವಾರ ಬರುತ್ತೇನೆಂದು ಹೇಳಿ ಹೋದರು.

ನೋಡುವ ಎಂದರೆ ಆಗಬಹುದು ಎಂದೇ ಅರ್ಥ ಎಂದು ನಾನು ತೀರ್ಮಾನ ಮಾಡಿದೆ. ಪಂಜಕ್ಕೆ ಹೋದರೆ ಶಾಲೆಯೂ ಇಲ್ಲ, ಅಮ್ಮನೂ ಇಲ್ಲ. ಅಂದಿನಿಂದ ಅತ್ತೆಯ ಬೆನ್ನಿಗೆ ಬಿದ್ದೆ. ಆ ವಾರ ಒಂದು ದೊಡ್ಡ ಮದುವೆಗೆಂದು ಒಂದು ಗುಂಡಿಯಲ್ಲಿ ಪೂರ್ತಿ ಕದಳಿ ಗೊನೆ ಇಟ್ಟಿದ್ದರು. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಅತ್ತೆ ಒಬ್ಬರೇ ಸೆರಗಿನ ಅಡಿಯಲ್ಲಿ ಏನನ್ನೋ ಹಿಡಿದುಕೊಂಡು ಮಾಡಿಗೆ ಹೋಗುವುದನ್ನು ಎರಡು ದಿನ ಕಂಡೆ. ಬರುವಾಗ ಕೈ ಬರಿದು. ಮರುದಿನ ಕಡಬದಿಂದ ಅವರ ತಮ್ಮ ಬರುವವನಿದ್ದ. ಎಲ್ಲ ಒಂದಕ್ಕೊಂದು ಕೂಡಿತು. ತವರಿಗೆ ಕೊಡಲು ಅತ್ತೆ ಗುಂಡಿಯಲ್ಲಿ ಏನನ್ನೋ ಅಡಗಿಸಿದ್ದಾರೆ, ಅದನ್ನು ನಾನು ಹಿಡಿದು ಮಾವನಿಗೆ ತೋರಿಸಿದರೆ ಈ ಮನೆಯಿಂದ ಹೋಗಬೇಕಾದವಳು ನಾನಾಗುವುದಿಲ್ಲ. ಹತ್ತು ವರ್ಷವೂ ತುಂಬದವಳ ಲೆಕ್ಕಾಚಾರ ಇದು. ಆದರೆ ಆಗ ನನಗೆ ಅದರಲ್ಲಿ ಒಂದು ತೂತೂ ಕಾಣಲಿಲ್ಲ.

ಎರಡನೆಯ ದಿನ ಅತ್ತೆ ಒಳಗೆ ಬಂದು ಮಲಗಿದ ಮೇಲೆ ನಾನು ಮಾಡಿಗೆ ಹೋದೆ. ತೆಂಗಿನ ಗೆರಟೆಯಿಂದ ಒಂದು ಮೂಲೆಯ ಕೆಸರು ಕೆರೆದು, ಗೋಣಿ ಸರಿಸಿ, ಭುಜದವರೆಗೆ ಕೈ ಇಳಿಸಿದೆ. ಬಿಸಿ ಉಸಿರಿನ ಹಾಗೆ ಹೊಗೆ ಮುಖಕ್ಕೆ ಹೊಡೆಯಿತು. ಕೆಮ್ಮು ತಡೆದುಕೊಂಡು ತಡಕಾಡಿದೆ. ಗೊನೆಗಳ ಹೊರತು ಅಲ್ಲಿ ಏನೂ ಇರಲಿಲ್ಲ. ಕಾಯಿ ಬೆಚ್ಚಗಿತ್ತು, ಇನ್ನೂ ಗಟ್ಟಿ. ಆಚೆ ಮೂಲೆಯನ್ನೂ ಕೆರೆದೆ. ಅಲ್ಲಿಯೂ ಇಲ್ಲ. ಹೊರಗೆ ದನ ಕೂಗಿದ್ದಕ್ಕೆ ಬೆಚ್ಚಿ, ಕೆರೆದ ಕೆಸರನ್ನೇ ಮತ್ತೆ ಮೆತ್ತಿದೆ. ಅದು ಆಗಲೇ ಒಣಗಿತ್ತು, ಅಂಟಲಿಲ್ಲ. ಗೋಡೆಯ ಬದಿಯಲ್ಲಿ ಒಂದು ಗೆರಟೆ ತುಂಬ ಹಸಿ ಮಣ್ಣು ಇತ್ತು, ನಾದಿ ಇಟ್ಟದ್ದು. ಅದನ್ನು ತೆಗೆದು ಬಳಿದು ಅಂಗೈಯಿಂದ ಒತ್ತಿ ಓಡಿದೆ. ಆ ಗೆರಟೆ ಅಲ್ಲಿಗೆ ಹೇಗೆ ಬಂತೆಂದು ನನಗೆ ಹೊಳೆದದ್ದು ಬಾವಿಕಟ್ಟೆಯಲ್ಲಿ ಕೈ ತೊಳೆಯುವಾಗ. ಒಣಗಿ ಬಿರುಕು ಬಿಟ್ಟಲ್ಲೆಲ್ಲ ತೇಪೆ ಹಾಕಲು ಅತ್ತೆ ಹಸಿ ಆರದ ಹಾಗೆ ಸೆರಗಿನ ಅಡಿಯಲ್ಲಿ ಒಯ್ಯುತ್ತಿದ್ದದ್ದು ಅದೇ ಮಣ್ಣು.

ಸಂಜೆ ಅತ್ತೆ ಎಂದಿನಂತೆ ಮಾಡಿಗೆ ಹೋದರು. ನಾನು ಸೌದೆಯ ರಾಶಿಯ ಹಿಂದೆ ನಿಂತು ನೋಡುತ್ತಿದ್ದೆ. ಅವರು ಅಂಗೈ ಊರಿದರು, ತೆಗೆದರು, ಇನ್ನೊಂದು ಕಡೆ ಊರಿದರು. ಮತ್ತೆ ಆ ಮೂಲೆಗೆ ಬಗ್ಗಿದರು. ಹೊಸ ಮಣ್ಣಿನ ಮೇಲೆ ನನ್ನ ಕೈ ಐದು ಬೆರಳೂ ಬಿಡಿಬಿಡಿಯಾಗಿ ಮೂಡಿತ್ತು. ನಾನು ನಿಂತಲ್ಲಿಗೂ ಕಾಣುತ್ತಿತ್ತು. ಅತ್ತೆ ಅದನ್ನು ನೋಡಿದರು, ಎದ್ದು ಮನೆಯ ಕಡೆ ನೋಡಿದರು. ಈಗ ಕೂಗುತ್ತಾರೆ ಎಂದುಕೊಂಡೆ. ಅವರು ಬಕೆಟಿನ ನೀರಿಗೆ ಕೈ ಅದ್ದಿ, ನನ್ನ ಕೈಯ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಉಜ್ಜಿದರು. ಬೆರಳು ಹೋಯಿತು. ಆಮೇಲೆ ಕೆಂಡ ತಂದು ಮಡಕೆ ಹೊತ್ತಿಸಿ ಊದಲು ಕುಳಿತರು. ಎರಡನೆಯ ಸಲ ಹೊಗೆ ಹಾಕಿದರೆ ಪ್ರಯೋಜನವಿಲ್ಲ ಎಂದು ಅವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆದರೂ ಊದಿದರು. ಹೊಗೆ ಕಂಡು ಮಾವ ಬಂದರು.

"ಎಂತ ಇದು, ಪುನಃ?"

"ಬಿಸಿ ಸಾಲದು ಅಂತ ಕಂಡಿತು. ತೆಗ್ದು ನೋಡಿದೆ."

"ಯಾರು ತೆಗ್ದದ್ದು?"

"ನಾನೇ."

ಮಾವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂರನೆಯ ದಿನ ತೆಗೆದಾಗ ಎರಡು ಮೂಲೆಯ ಗೊನೆಗಳು ಹಸಿರಾಗಿ ಕಲ್ಲಿನಂತೆ ನಿಂತಿದ್ದವು. ಮಾವ ಟೆಂಪೋ ಹಿಡಿದು ಪುತ್ತೂರಿಗೆ ಹೋಗಿ ಯಾರ ಯಾರ ಕೈಕಾಲು ಹಿಡಿದೋ ಬೇರೆ ಹಣ್ಣು ತಂದು ಮದುವೆಮನೆಗೆ ಮುಟ್ಟಿಸಿದರು. ಬಂದು ಕಾಲು ತೊಳೆದುಕೊಳ್ಳುತ್ತ, "ಇನ್ನು ಗುಂಡಿ ಜಾನಕಿ ನೋಡ್ಲಿ. ನೀನು ಆಚೆ ಬರುದು ಬೇಡ," ಎಂದರು. ಅತ್ತೆ ಹೂಂ ಎಂದರು. ಅಲ್ಲಿಂದ ಮುಂದೆ ಬಹಳ ಕಾಲ ಸಂಜೆ ಹೊತ್ತಿಗೆ ಜಗಲಿಯಿಂದ, "ಜಾನಕೀ, ಹೇಗುಂಟು?" ಎಂಬ ಮಾತು ಕೇಳುವಾಗ ಅತ್ತೆ ಅಡಿಗೆಮನೆಯಲ್ಲಿ ಏನಾದರೂ ಪಾತ್ರೆ ಸದ್ದು ಮಾಡುತ್ತಿದ್ದರು.

ನನಗೆ ಸಮಾಧಾನವಾಯಿತೆಂದು ನೀವು ತಿಳಿದರೆ ತಪ್ಪು. ಭಯ ಹೆಚ್ಚಾಯಿತು. ಈಗ ನನ್ನ ಜುಟ್ಟು ಅತ್ತೆಯ ಕೈಯಲ್ಲಿದೆ, ಬೇಕಾದಾಗ ಎಳೆಯುತ್ತಾರೆ ಎಂದೇ ನಾನು ಎಣಿಸಿದ್ದು. ಹೇಳುವ ಮೊದಲೇ ನೀರು ಸೇದಿದೆ, ಪಾತ್ರೆ ತಿಕ್ಕಿದೆ, ದನದ ಹಟ್ಟಿ ಗುಡಿಸಿದೆ. ಅವರು ಒಂದು ಮಾತೂ ಎತ್ತಲಿಲ್ಲ. ಮಾತು ಎತ್ತದೆ ಇರುವುದೇ ಒಂದು ಉಪಾಯವಿರಬೇಕು ಎಂದುಕೊಂಡೆ. ಹೇಳಿದ ವಾರಕ್ಕೆ ಸರಿಯಾಗಿ ಪಂಜದ ಚಿಕ್ಕಮ್ಮ ಬಂದರು. ನಾನು ನನ್ನ ಎರಡು ಲಂಗವನ್ನು ಮಡಚಿ ಇಟ್ಟಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಮಡಚಿದ್ದು.

"ಎಂತ ಗಿರಿಜಾ, ಹುಡುಗಿ ತಯಾರುಂಟಾ?"

"ಅವಳು ಬರುದಿಲ್ಲ," ಎಂದರು ಅತ್ತೆ. ತೆಂಗಿನಕಾಯಿ ತುರಿಯುತ್ತಿದ್ದವರು ತಲೆ ಎತ್ತಲಿಲ್ಲ. "ಶಾಲೆ ಬಿಟ್ಟು ಬಂದ ಮೇಲೆ ಇಲ್ಲಿ ಪಾತ್ರೆ ತಿಕ್ಕುದು, ನೀರು ಸೇದುದು ಎಲ್ಲ ಅವಳೇ. ಅವಳನ್ನು ಕಳ್ಸಿದ್ರೆ ನನಗೆ ಜನ ಬೇಕಲ್ಲ?"

"ಓ, ಹಾಗೆ ಹೇಳಿ ಮತ್ತೆ. ಕನಿಕರ ಕನಿಕರ ಅಂತ ಊರಿಡೀ ಹೆಸರು, ನಿಮಗೆ ಬೇಕಿದ್ದದ್ದು ಬಿಟ್ಟಿ ಕೆಲ್ಸದವಳು."

"ಹಾಗೇ ಇಟ್ಟುಕೊಳ್ಳಿ," ಎಂದರು ಅತ್ತೆ. "ಚಾಯ ಕುಡಿದು ಹೋಗಿ. ನಾಲ್ಕು ಗಂಟೆಯ ಬಸ್ಸು ಉಂಟು."

ಅಮ್ಮ ಅಂದು ಉಗ್ರಾಣದಲ್ಲಿ ಗೋಡೆಗೆ ಮುಖ ಮಾಡಿ ಅತ್ತಳು. ನಾನು ಅಳಲಿಲ್ಲ. ನನಗೆ ಆ ಮನೆಯಲ್ಲಿ ಮೊದಲ ಸಲ ನೆಮ್ಮದಿಯಾಗಿತ್ತು. ಕನಿಕರದಿಂದ ಇಟ್ಟುಕೊಂಡವಳು ನಾಳೆ ಕನಿಕರ ಮುಗಿದರೆ ಎಲ್ಲಿಗೆ ಹೋಗಬೇಕು? ಪಾತ್ರೆ ತಿಕ್ಕುವವಳಿಗೆ ಆ ಹೆದರಿಕೆ ಇಲ್ಲ, ಪಾತ್ರೆ ದಿನವೂ ಇರುತ್ತದೆ. ಅತ್ತೆ ನಿಜ ಹೇಳಿದರು, ನನ್ನಿಂದ ಅವರಿಗೆ ಲಾಭ ಉಂಟು, ಅದಕ್ಕೆ ಇಟ್ಟುಕೊಂಡರು ಎಂದು ನಂಬಿ ಏಳನೆಯ ಕ್ಲಾಸು ಮುಗಿಯುವವರೆಗೆ ಆ ಮನೆಯಲ್ಲಿ ತಲೆ ಎತ್ತಿ ನಡೆದೆ. ಹಸಿ ಮಣ್ಣಿನ ಗೆರಟೆಯ ಬಗ್ಗೆ, ಉಜ್ಜಿಹೋದ ಐದು ಬೆರಳಿನ ಬಗ್ಗೆ ಯೋಚನೆ ಬಂದಾಗಲೆಲ್ಲ ಬೇರೆ ಏನಾದರೂ ಕೆಲಸ ಹಿಡಿಯುತ್ತಿದ್ದೆ.

ಈ ಚಾಳಿ ಮತ್ತೆ ಹೋಗಲೇ ಇಲ್ಲ. ಮದುವೆಯಾದ ಹೊಸತರಲ್ಲಿ ನಿಮ್ಮ ಅಜ್ಜ ಒಂದು ದಿನ ಪೇಟೆಯಿಂದ ಸುಮ್ಮನೆ ಒಂದು ಸೀರೆ ತಂದರು. "ಎಂತ ತಪ್ಪು ಮಾಡಿದ್ದೀರಿ?" ಎಂದು ಕೇಳಿದೆ. ಪಾಪ, ಬಹಳ ಹೊತ್ತು ಯೋಚಿಸಿದರು, ಏನಾದರೂ ಮಾಡಿದ್ದೇನೋ ಎಂದು. ನೀವು ಮೊಮ್ಮಕ್ಕಳು ಬಂದು ಕಾಲು ಒತ್ತುವಾಗಲೂ ನಾನು ಮೊದಲು ನಿಮ್ಮ ಮುಖ ನೋಡುತ್ತೇನೆ. ಬೇಸರ ಮಾಡಬೇಡಿ, ಅದು ನಿಮ್ಮ ಮೇಲಿನ ಸಂಶಯವಲ್ಲ.

ಗಿರಿಜತ್ತೆ ಕೊನೆಗಾಲದಲ್ಲಿ ಕಡಬದಲ್ಲಿ, ತಡವಾಗಿ ಹುಟ್ಟಿದ ಮಗನ ಮನೆಯಲ್ಲಿದ್ದರು. ತುಂಬಿದ ಮನೆ, ಒಳ್ಳೆಯ ಸೊಸೆ. ನಾನು ಹೋದಾಗಲೆಲ್ಲ ಕದಳಿಹಣ್ಣು ಕೊಂಡುಹೋಗುತ್ತಿದ್ದೆ. ಅವರು ಒಂದನ್ನು ಹಿಸುಕಿ ನೋಡಿ, "ಪುಡಿ ಹಾಕಿ ಹಣ್ಣು ಮಾಡಿದ್ದು," ಎಂದು ಬದಿಗೆ ಇಡುತ್ತಿದ್ದರು, ಆಮೇಲೆ ಮೆಲ್ಲಗೆ ಎರಡು ತಿನ್ನುತ್ತಿದ್ದರು. ಕೊನೆಯ ಸಲ ಹೋದಾಗ ಸೊಸೆ ಅಂಗಡಿಗೆ ಹೋಗಿದ್ದಳು, ನಾವಿಬ್ಬರೇ ಇದ್ದೆವು. ಅಷ್ಟು ವರ್ಷ ಬಾರದ ಧೈರ್ಯ ಎಲ್ಲಿಂದ ಬಂತೋ ತಿಳಿಯದು.

"ಅತ್ತೆ, ಆ ದಿವಸ ಗುಂಡಿ ತೆಗ್ದದ್ದು ನಾನು."

"ಗೊತ್ತುಂಟು."

"ಮತ್ತೆ ನೀವು ಎಂತಕ್ಕೆ ಹಾಗೆ ಹೇಳಿದ್ದು? ಕನಿಕರವಾ?"

ಹುಳಿ ಕಚ್ಚಿದವರ ಹಾಗೆ ಮುಖ ಮಾಡಿದರು. "ಎಂತ ಕನಿಕರ. ನಿನ್ನ ಕೆನ್ನೆಗೆ ಎರಡು ಬಿಡ್ಬೇಕು ಅಂತ ಇತ್ತು. ಕಣ್ಣು ಸುಟ್ಟುಕೊಂಡು ಕಲ್ತ ಕೆಲ್ಸ ನನ್ನದು. ಒಂದು ಮಧ್ಯಾಹ್ನದಲ್ಲಿ ಹೋಯ್ತು."

ಅವರು ಮಂಚದ ಹಲಗೆಯ ಮೇಲೆ ಅಂಗೈ ಊರಿದರು, ಹಿಂದೆ ಕೆಸರಿನ ಮೇಲೆ ಊರುತ್ತಿದ್ದ ಹಾಗೆಯೇ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು.

"ಕೈ ಸಣ್ಣದಿತ್ತು," ಎಂದರು. "ಬೆರಳು ಬೆರಳೂ ಕಾಣ್ತಿತ್ತು. ನಿನ್ನ ಮಾವ ಬಂದ್ರೆ ಅವರಿಗೂ ಕಾಣ್ತಿತ್ತು."

ಮತ್ತೆ ಕಣ್ಣು ತೆರೆದು ನನ್ನ ಕಡೆ ಬಗ್ಗಿ ದನಿ ತಗ್ಗಿಸಿದರು.

"ಈಗ ಹೋಗಿ ಅವರ ಹತ್ರ ಹೇಳ್ಲಿಕ್ಕೆ ಹೋಗ್ಬೇಡ."

ಮಾವ ತೀರಿಕೊಂಡು ಹತ್ತು ವರ್ಷ ದಾಟಿತ್ತು. ಇದು ಮರೆವಿನ ಮಾತೋ, ತಮಾಷೆಯೋ ಎಂದು ಅವರ ಮುಖವನ್ನೇ ನೋಡಿದೆ. ಕಣ್ಣು ಕೆಂಪಗಿತ್ತು, ಅದು ಮೊದಲಿಂದಲೂ ಹಾಗೆಯೇ.

"ಹೇಳುದಿಲ್ಲ ಅತ್ತೆ," ಎಂದೆ.